ಡಿಎಲ್ ಕೊಡೋ ಮುಂಚೆ ಸ್ಟೆಪ್ನಿ ಬದಲಾಯಿಸೋದು, ಬಾನೆಟ್ ತೆಗೆದು ನೋಡೋದು ಕಲಿಸ್ಬೇಕಾ ಬೇಡ್ವಾ?

ಕುವೆಂಪುನಗರ ಹೊಸ ಡ್ರೈವರ್
ಸೋಮವಾರ, ರಾತ್ರಿ 9.40

ಎಲ್ರಿಗೂ ನಮಸ್ಕಾರ. ನಾನು ಮೈಸೂರು, ಕುವೆಂಪುನಗರ. ಎಲ್‌ಎಲ್‌ಆರ್ ಆಗಿ ಒಂದೂವರೆ ತಿಂಗಳಾಯ್ತು, ಮುಂದಿನ ವಾರ ಡಿಎಲ್ ಟೆಸ್ಟು. ಈ ಪ್ರಶ್ನೆ ಸುಮ್ನೆ ಕೇಳ್ತಿಲ್ಲ, ಹೋದ ಶನಿವಾರ ಆಗಿದ್ದು ಹೇಳ್ತೀನಿ.

ಮಂಡ್ಯದಲ್ಲಿ ಚಿಕ್ಕಮ್ಮನ ಮಗಳ ಆರತಕ್ಷತೆ ಮುಗಿಸ್ಕೊಂಡು ಅಪ್ಪನ ಕಾರಲ್ಲಿ ವಾಪಸ್ ಬರ್ತಾ ಇದ್ವಿ, ಅಣ್ಣ ಓಡಿಸ್ತಿದ್ದ, ಅಮ್ಮ ನಾನು ಹಿಂದೆ ಕೂತಿದ್ವಿ. ಗಣಂಗೂರು ಟೋಲ್ ಇನ್ನೂ ಸ್ವಲ್ಪ ದೂರ ಇರುವಾಗ ಗಾಡಿ ಒಂಥರಾ ಎಳೆಯೋಕೆ ಶುರು ಮಾಡ್ತು, ಹಿಂದೆ ಎಡಗಡೆಯಿಂದ ದಬ ದಬ ಸದ್ದು, ಇಳಿದು ನೋಡಿದ್ರೆ ಟೈರ್ ಪೂರ್ತಿ ಕೂತೋಗಿದೆ. ಅಣ್ಣಂಗೆ ಡಿಎಲ್ ಬಂದು ನಾಲ್ಕು ವರ್ಷ ಆಗಿದೆ, ದಿನಾ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾಗೆ ಕಾರಲ್ಲೇ ಹೋಗಿ ಬರ್ತಾನೆ, ಚೆನ್ನಾಗೇ ಓಡಿಸ್ತಾನೆ, ಆದ್ರೆ ಒಂದ್ ದಿನಾನೂ ಟೈರ್ ಬಿಚ್ಚಿಲ್ಲ. ಜಾಕ್ ಎಲ್ಲಿದೆ ಅಂತ ಹುಡುಕೋಕೇ ಹತ್ತು ನಿಮಿಷ, ಆಮೇಲೆ ಅದನ್ನ ಗಾಡಿ ಕೆಳಗೆ ಎಲ್ಲಿ ಕೊಡ್ಬೇಕು ಅಂತ ಗೊತ್ತಿಲ್ಲ, ಮೊಬೈಲ್‌ನಲ್ಲಿ ವಿಡಿಯೋ ಹಾಕ್ಕೊಂಡು ನೋಡ್ತಾ ಸ್ಟೆಪ್ನಿ ಹೊರಗೆ ತೆಗೆದ್ರೆ ಅದ್ರಲ್ಲೂ ಗಾಳಿ ಇಲ್ಲ. ಪಕ್ಕದಲ್ಲಿ ಲಾರಿ ಬಸ್ಸು ಹೋಗೋ ರಭಸಕ್ಕೆ ಕಾರೇ ಅಲ್ಲಾಡ್ತಿತ್ತು, ಅಮ್ಮ ಒಳಗೇ ಕೂತು ದೇವರ ನಾಮ ಹೇಳ್ಕೋತಾ ಇದ್ರು. ಕೊನೆಗೆ ಚಿಕ್ಕಪ್ಪ ಮಂಡ್ಯದಿಂದ ಅವ್ರ ಸ್ಟೆಪ್ನಿ ತಂದ್ರು, ಒಂದೇ ಮಾಡೆಲ್ ಕಾರು ಆಗಿದ್ದಕ್ಕೆ ಬಚಾವ್. ಒಟ್ಟು ಒಂದು ಗಂಟೆ ಇಪ್ಪತ್ತು ನಿಮಿಷ ರೋಡ್ ಪಕ್ಕ.

ನಾನು ಹೋದ ಡ್ರೈವಿಂಗ್ ಸ್ಕೂಲಲ್ಲಿ ಹದಿನೈದು ದಿನ ಕ್ಲಾಸು. ಕ್ಲಚ್, ಗೇರು, ರಿವರ್ಸು, ಅಷ್ಟೆ. ಒಂದ್ಸಲ ಬಾನೆಟ್ ತೆಗೆದು ತೋರಿಸಿ ಸರ್ ಅಂದೆ, ಅದೆಲ್ಲ ಮೆಕ್ಯಾನಿಕ್ ಕೆಲ್ಸ ಕಣಮ್ಮ, ನೀನು ಕ್ಲಚ್ ಕಡೆ ಗಮನ ಕೊಡು ಅಂದ್ರು. ಆವಾಗ ಸರಿ ಅನ್ನಿಸ್ತು, ಶನಿವಾರ ಆದ್ಮೇಲೆ ಅನ್ನಿಸ್ತಿಲ್ಲ.

ಕೇಳೋದು ಇಷ್ಟೆ, ಲೈಸೆನ್ಸ್ ಕೊಡೋ ಮುಂಚೆ ಇದನ್ನೆಲ್ಲ ಕಡ್ಡಾಯವಾಗಿ ಕಲಿಸ್ಬೇಕಾ? ಟೆಸ್ಟಲ್ಲೇ ಕೇಳ್ಬೇಕಾ? ಇಲ್ಲಾ ನಂಗೆ ಒಂದು ರಾತ್ರಿ ಆದ ಭಯಕ್ಕೆ ನಾನು ಜಾಸ್ತಿ ಯೋಚ್ನೆ ಮಾಡ್ತಿದೀನಾ? ಅನುಭವ ಇರೋರು ಹೇಳಿ.

---

ಏರ್‌ಪೋರ್ಟ್ ಟ್ರಿಪ್
ಸೋಮವಾರ, ರಾತ್ರಿ 10.15

ಮೊದ್ಲು ಒಂದು ಮಾತು ತಂಗಿ, ಬೇಜಾರು ಮಾಡ್ಕೋಬೇಡಿ. ನಿಮ್ಮಮ್ಮನ್ನ ಕಾರಲ್ಲಿ ಕೂರ್ಸಿದ್ದು ತಪ್ಪು. ಟೈರ್ ಬಿಚ್ಚೋಕೆ ಬರ್ದೇ ಇರೋದಕ್ಕಿಂತ ಅದು ದೊಡ್ಡ ತಪ್ಪು. ನಾನು ಮೈಸೂರಿಂದ ಬೆಂಗಳೂರು ಏರ್‌ಪೋರ್ಟಿಗೆ ವಾರಕ್ಕೆ ಐದಾರು ಟ್ರಿಪ್ ಹೊಡೀತೀನಿ, ನಿಂತಿರೋ ಗಾಡಿಗೆ ಹಿಂದಿನಿಂದ ಬಂದು ಗುದ್ದಿರೋದನ್ನ ಕಣ್ಣಾರೆ ನೋಡಿದೀನಿ.

ಲೆಕ್ಕ ಹಾಕಿ, ಆ ಮೈಸೂರು ಬೆಂಗಳೂರು ಎಕ್ಸ್‌ಪ್ರೆಸ್‌ವೇಲಿ ಕಾರಿಗೆ 100 ಸ್ಪೀಡು. ಅಂದ್ರೆ ಒಂದು ಸೆಕೆಂಡಿಗೆ ಹತ್ತತ್ರ 28 ಮೀಟರ್. ನಿಮ್ಮ ರೆಡ್ ತ್ರಿಕೋನಾನ ಕಾರಿಂದ ನಾಲ್ಕು ಹೆಜ್ಜೆ ಹಿಂದೆ ಇಟ್ರೆ ಬರೋನಿಗೆ ಅದು ಕಾಣೋದೂ ನಿಮ್ಮ ಡಿಕ್ಕಿ ಕಾಣೋದೂ ಒಂದೇ ಸಲ. ನೂರು ಹೆಜ್ಜೆ ಹಿಂದಕ್ಕೆ ನಡೆದು ಇಡ್ಬೇಕು, ಅದೂ ತಡೆಗೋಡೆ ಆಚೆ ಕಡೆಯಿಂದ ನಡ್ಕೊಂಡು. ಗಾಡಿ ಆದಷ್ಟು ಎಡಕ್ಕೆ, ನಾಲ್ಕೂ ಇಂಡಿಕೇಟರ್ ಆನ್, ಎಲ್ರೂ ಎಡಗಡೆ ಬಾಗ್ಲಿಂದ ಇಳಿದು ಕಬ್ಬಿಣದ ತಡೆ ದಾಟಿ ಆಚೆ ನಿಲ್ಲೋದು, ವಯಸ್ಸಾದೋರಿಗೆ ಕಷ್ಟ ಆದ್ರೂ ಕೈ ಹಿಡ್ಕೊಂಡು ದಾಟಿಸಿ. ಆಮೇಲೆ 1033ಗೆ ಫೋನ್, ಅದು ಹೈವೇ ಸಹಾಯವಾಣಿ, ದೇಶದ ಎಲ್ಲಾ ರಾಷ್ಟ್ರೀಯ ಹೆದ್ದಾರಿಗೂ ಅದೇ ನಂಬರು.

ನಿಮ್ಗೆ ಹೋಗಿದ್ದು ಎಡಗಡೆ ಟೈರು, ಪುಣ್ಯ. ಬಲಗಡೆ ಟೈರ್ ಹೋದ್ರೆ ದಯವಿಟ್ಟು ಅಲ್ಲೇ ಕೂತು ಬಿಚ್ಚೋಕೆ ಹೋಗ್ಬೇಡಿ, ನಿಮ್ಮ ಬೆನ್ನು ರೋಡಿಗೆ ಇರತ್ತೆ. ಹತ್ತಿಪ್ಪತ್ತು ಸ್ಪೀಡಲ್ಲಿ ಜಾಗ ಇರೋ ಕಡೆ ತನಕ ಉರುಳಿಸ್ಕೊಂಡು ಹೋಗಿ, ಟೈರ್ ಹಾಳಾಗ್ಲಿ, ರಿಮ್ ಬೆಂಡಾಗ್ಲಿ, ದುಡ್ಡು ಕೊಟ್ರೆ ಸಿಗತ್ತೆ.

ಇನ್ನು ನಿಮ್ಮ ಪ್ರಶ್ನೆಗೆ. ಮುಂಚೆ ಹಳೇ ರೋಡಲ್ಲಿ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲಾ ಊರೊಳಗೇ ಹಾದು ಹೋಗ್ತಿದ್ವಿ, ಎರಡು ಕಿಲೋಮೀಟರಿಗೊಂದು ಪಂಚರ್ ಅಂಗಡಿ, ರಾತ್ರಿ ಹನ್ನೊಂದಕ್ಕೂ ಬಾಗಿಲು ತಟ್ಟಿದ್ರೆ ಹುಡುಗ ಎದ್ದು ಬರ್ತಿದ್ದ. ಈಗ 118 ಕಿಲೋಮೀಟರ್ ಎರಡೂ ಕಡೆ ಬೇಲಿ, ಅಂಗಡಿ ಏನಿದ್ರೂ ಸರ್ವಿಸ್ ರೋಡಲ್ಲಿ. 2023 ಆಗಸ್ಟ್ 1ರಿಂದ ಮೇನ್ ರೋಡಿಗೆ ಬೈಕ್ ಆಟೋ ಬಿಡಲ್ಲ, ಹಾಗಾಗಿ ಪಂಚರ್ ಹುಡುಗ ಟೂಲ್ಸ್ ತಗೊಂಡು ಬೈಕಲ್ಲಿ ಬರೋಕೂ ಆಗಲ್ಲ. ರೋಡ್ ಬದಲಾಯ್ತು, ನಾವು ಕಲಿಸೋ ರೀತಿ ಬದಲಾಗಿಲ್ಲ. ಕಲಿಸ್ಲೇಬೇಕು ಅಂತೀನಿ ನಾನು.

---

ಮಂಡ್ಯ ಗ್ಯಾರೇಜ್
ಮಂಗಳವಾರ, ಬೆಳಗ್ಗೆ 7.05

ನಮ್ದು ಮಂಡ್ಯದಲ್ಲಿ ಗ್ಯಾರೇಜು, ಇಪ್ಪತ್ತೆರಡು ವರ್ಷದಿಂದ ಇದೇ ಕೆಲ್ಸ ಮಾಡ್ತಾ ಇವ್ನಿ. ರಿಪೇರಿ ಕಲೀರಿ ಅಂತ ನಾನು ಯಾರ್ಗೂ ಹೇಳಕಿಲ್ಲ. ಈಗಿನ ಗಾಡೀಲಿ ನಂಗೇ ಸ್ಕ್ಯಾನರ್ ಹಾಕದೆ ಅರ್ಧ ಕೆಲ್ಸ ಆಗಕಿಲ್ಲ, ನೀವೇನ್ ಮಾಡೀರಿ. ನಾನು ಹೇಳದು ನೋಡದ ಕಲೀರಿ ಅಂತ. ನೋಡದು ಬೇರೆ, ರಿಪೇರಿ ಬೇರೆ ಕನ. ಇದು ಯಾರ್ಗೂ ತಲೆಗೆ ಹೋಗಕಿಲ್ಲ.

ಓದ ಬೇಸಿಗೇಲಿ ಒಬ್ಬ ಹುಡುಗ ಬಂದ. ಹೊಸ ಡಿಎಲ್ಲು, ಗಾಡಿ ಹಳೇದು, ಅವ್ರ ಮಾವಂದು. ಮದ್ದೂರತ್ರ ಟೆಂಪ್ರೇಚರ್ ಮುಳ್ಳು ಕೆಂಪಿಗೆ ಹೋಗದೆ, ಅವ್ನಿಗೆ ಅದು ಏನು ಅಂತಾನೇ ಗೊತ್ತಿಲ್ಲ, ಪೆಟ್ರೋಲ್ ಮುಳ್ಳು ಅನ್ಕಂಡು ಫುಲ್ ಅದೆ ಅಂತ ಖುಷಿಯಾಗಿ ಮಂಡ್ಯಗಂಟ ಬಂದವ್ನೆ. ನಂತವ ಬರೋ ಹೊತ್ಗೆ ಹೆಡ್ ಗ್ಯಾಸ್ಕೆಟ್ ಹೋಗಿ ಆಯಿಲ್‌ಗೆ ನೀರು ಸೇರಿ ಹಾಲು ಕಾಫಿ ತರ ಆಗಿತ್ತು. ಆಗಿದ್ದೇನು ಅಂದ್ರೆ ಕೂಲೆಂಟ್ ಪೈಪ್‌ದು ಒಂದು ಕ್ಲಿಪ್ ಸಡ್ಲ ಆಗಿತ್ತು ಅಷ್ಟೆಯ. ಮುಳ್ಳು ಏರ್ತಾ ಇದ್ದಂಗೆ ನಿಲ್ಸಿ ಆಫ್ ಮಾಡಿ ಒಂದು ಫೋನ್ ಹಾಕಿದ್ರೆ ಕ್ಲಿಪ್ ಬಿಗಿ ಮಾಡಿ ಕೂಲೆಂಟ್ ಹಾಕಿ ಸಾವಿರದೊಳ್ಗೆ ಕಳಿಸ್ತಿದ್ದೆ. ಮೂವತ್ತೆಂಟು ಸಾವಿರ ಆಯ್ತು. ಹುಡುಗ ಬಿಲ್ ನೋಡಿ ಅಳ್ತಾ ನಿಂತ, ನಂಗೂ ಸಂಕ್ಟ ಆಯ್ತು, ಲೇಬರ್ ಅರ್ಧ ಬುಟ್ಟೆ.

ಅವ್ನಿಗೆ ರಿಪೇರಿ ಗೊತ್ತಿರ್ಬೇಕಿತ್ತಾ? ಬೇಡ. ಆ ಮುಳ್ಳು ಯಾವ್ದು ಅಂತ ಗೊತ್ತಿದ್ರೆ ಸಾಕಿತ್ತು.

ಹೀಟ್ ಆದಾಗ ಇನ್ನೊಂದು ಮಾಡ್ತರೆ, ನಿಲ್ಸಿದ ತಕ್ಷಣ ರೇಡಿಯೇಟರ್ ಮುಚ್ಚಳ ತೆಗೀತರೆ. ಒಳ್ಗಡೆ ಪ್ರೆಷರ್ ಇರ್ತದೆ, ಕುಕ್ಕರ್ ವಿಸಿಲ್ ಎತ್ತಿದಂಗೆ ಕುದಿಯೋ ನೀರು ಮುಖಕ್ಕೆ ಎಗರ್ತದೆ. ಅಂಗೆ ಕೈ ಮುಖ ಸುಟ್ಕಂಡೋರ್ನ ನಾನೇ ಆಸ್ಪತ್ರೆಗೆ ಕರ್ಕ ಹೋಗಿವ್ನಿ. ಅರ್ಧ ಮುಕ್ಕಾಲು ಗಂಟೆ ಬುಡಿ, ಕೈಯಿಟ್ರೆ ಬಿಸಿ ಇಲ್ಲ ಅನ್ನೋಗಂಟ ಮುಟ್ಬೇಡಿ. ಮತ್ತೆ ಬೋರ್ ನೀರು ತಂದು ಸುರೀಬೇಡಿ, ನಮ್ ಕಡೆ ಬೋರ್ ನೀರಲ್ಲಿ ಉಪ್ಪು, ಸುಣ್ಣ ಕಟ್ಟಿ ರೇಡಿಯೇಟರ್ ಬ್ಲಾಕ್ ಆಯ್ತದೆ. ತೀರಾ ಗತಿ ಇಲ್ಲ ಅಂದ್ರೆ ಕುಡಿಯೋ ಬಾಟ್ಲಿ ನೀರು, ಅದೂ ಗ್ಯಾರೇಜ್ ಮುಟ್ಟೋಗಂಟ ಅಷ್ಟೆ.

ಡ್ಯಾಶ್‌ಬೋರ್ಡ್ ಲೈಟ್‌ಗಳ ಬಣ್ಣ ಕಲ್ಸಿ ಮೊದ್ಲು. ಹಳದಿ ಬಂದ್ರೆ ಈ ವಾರದೊಳ್ಗೆ ತೋರ್ಸಿ. ಕೆಂಪು ಬಂದ್ರೆ ಅಲ್ಲೇ ನಿಲ್ಸಿ. ಅದ್ರಲ್ಲೂ ಆಯಿಲ್ ಕ್ಯಾನ್ ತರ ಇರೋ ಕೆಂಪು ಲೈಟ್ ಓಡ್ತಾ ಇದ್ದಾಗ ಬಂದ್ರೆ ಮನೆ ಇನ್ನು ಎರಡೇ ಕಿಲೋಮೀಟರ್ ಅಂತ ಓಡಿಸ್ಬೇಡಿ, ಆ ಎರಡು ಕಿಲೋಮೀಟರಲ್ಲೇ ಇಂಜಿನ್ ಹಿಡ್ಕತ್ತದೆ.

ಇನ್ನೊಂದು ನಮ್ ಊರ ಕಡೇದು, ಯಾವ ಸ್ಕೂಲಲ್ಲೂ ಹೇಳ್ಕೊಡಕಿಲ್ಲ. ಸುಗ್ಗಿ ಟೈಮಲ್ಲಿ ಹಳ್ಳಿ ರೋಡಲ್ಲಿ ರಾಗಿ ಹುರುಳಿ ಒಕ್ಕಣೆ ಹಾಕಿರ್ತರೆ, ಅದ್ರ ಮೇಲೆ ಕಾರ್ ಹತ್ತಿಸ್ಕಂಡು ಹೋದ್ರೆ ಹುರುಳಿ ಬಳ್ಳಿ ಆಕ್ಸಲ್‌ಗೆ ಸುತ್ಕತ್ತದೆ, ಸೈಲೆನ್ಸರ್ ಕೆಂಡದಂಗೆ ಕಾಯ್ದಿರ್ತದೆ, ಒಣ ಹುಲ್ಲು ತಗುಲುದ್ರೆ ಹೊಗೆ, ಬುಟ್ರೆ ಬೆಂಕಿ. ಅಂಗೆ ಗಾಡಿ ಸುಟ್ಟೋಗಿರೋದು ಉಂಟು. ಒಕ್ಕಣೆ ದಾಟಿದ ಮೇಲೆ ಒಂದೈವತ್ತು ಮೀಟರ್ ಮುಂದೆ ನಿಲ್ಸಿ ಬಗ್ಗಿ ಕೆಳಗಡೆ ನೋಡಿ, ಹುಲ್ಲು ಸಿಕ್ಕಿದ್ರೆ ಇಂಜಿನ್ ಆಫ್ ಮಾಡಿ ಕೋಲಲ್ಲಿ ಎಳೀರಿ, ಬರಿಗೈ ಹಾಕ್ಬೇಡಿ.

ಅಂಗಡಿ ತೆಗೀಬೇಕು, ಉಳಿದಿದ್ದು ಸಂಜೆ ಹೇಳ್ತೀನಿ.

---

ಬೋಗಾದಿ ಅಮ್ಮ
ಮಂಗಳವಾರ, ಬೆಳಗ್ಗೆ 11.30

ನಾನು ಸ್ವಲ್ಪ ಬೇರೆ ಹೇಳ್ತೀನಿ, ದಯವಿಟ್ಟು ಪೂರ್ತಿ ಓದಿ.

ನಂಗೆ ಡಿಎಲ್ ಬಂದಿದ್ದು ನಲವತ್ತೊಂದನೇ ವಯಸ್ಸಲ್ಲಿ. ಮನೇಲಿ ಯಾಕೆ ಬೇಕು ಅಂದ್ರು, ಅತ್ತೆ ಬೇಡ ಅಂದ್ರು, ಮೊದಲ್ನೇ ಸಲ ರಿವರ್ಸಲ್ಲಿ ಕಂಬ ತಾಗಿಸಿ ಫೇಲ್ ಆದೆ. ಆವತ್ತು ಅಲ್ಲಿ ನಿಂತಿದ್ದ ಒಬ್ಬ ಬ್ರೋಕರ್ ಇಷ್ಟು ಕೊಡಿ ಮೇಡಂ ಟೆಸ್ಟೇ ಬೇಡ ಅಂದ, ನಾನು ಕೊಡ್ಲಿಲ್ಲ, ಇನ್ನೊಂದ್ಸಲ ಹೋಗಿ ಪಾಸಾದೆ. ಈಗ ಮಕ್ಕಳನ್ನ ಸ್ಕೂಲಿಗೆ ಬಿಡೋದು, ಅಮ್ಮನ್ನ ನಂಜನಗೂಡಿಂದ ಡಾಕ್ಟರ್ ಹತ್ರ ಕರ್ಕೊಂಡು ಬರೋದು ಎಲ್ಲಾ ನಾನೇ. ಡಿಎಲ್ ನಂಗೆ ಕೊಟ್ಟಿರೋ ಸ್ವಾತಂತ್ರ್ಯ ಎಷ್ಟು ಅಂತ ಗಂಡಸ್ರಿಗೆ ಹೇಳಿದ್ರೆ ಅರ್ಥ ಆಗತ್ತೋ ಇಲ್ವೋ.

ಹಾಗಾಗಿ ಟೆಸ್ಟಲ್ಲಿ ಇನ್ನೊಂದು ವಿಷ್ಯ ಸೇರಿಸಿ ಅಂದ್ರೆ ನಂಗೆ ಭಯ ಆಗತ್ತೆ. ಟೈರ್ ಬಿಚ್ಚಿ ತೋರ್ಸಿ ಅಂತ ಬ್ರೇಕ್ ಇನ್ಸ್‌ಪೆಕ್ಟರ್ ಕೇಳೋ ಹಾಗಾದ್ರೆ ನನ್ನಂಥ ಎಷ್ಟು ಹೆಂಗಸ್ರು, ಮೊಣಕಾಲು ನೋವಿರೋರು, ವಯಸ್ಸಾದೋರು ಅಲ್ಲೇ ವಾಪಸ್ ಹೋಗ್ತಾರೆ? ಇಲ್ಲಾ ಬ್ರೋಕರ್ ಕೈಗೆ ಇನ್ನೊಂದು ಸಾವಿರ ಹೋಗತ್ತೆ. ಏರ್‌ಗನ್ನಲ್ಲಿ ಬಿಗಿ ಮಾಡಿರೋ ನಟ್ ನಂಗೆ ಬಿಚ್ಚೋಕಾಗಲ್ಲ, ಪ್ರಯತ್ನ ಮಾಡಿದೀನಿ. ಅದಕ್ಕೇ ಇನ್ಶೂರೆನ್ಸ್ ಜೊತೆ ರೋಡ್‌ಸೈಡ್ ಅಸಿಸ್ಟೆನ್ಸ್ ತಗೊಂಡಿದೀನಿ.

ಮೊದ್ಲು ಟೆಸ್ಟಲ್ಲಿ ನೋಡ್ಬೇಕಾಗಿರೋದು ಬೇರೆ ಇದೆ. ರಾತ್ರಿ ಎದುರಿಗೆ ಗಾಡಿ ಬಂದಾಗ ಹೈ ಬೀಮ್ ಇಳಿಸ್ತಾನಾ, ಸರ್ಕಲ್‌ನಲ್ಲಿ ಬಲಗಡೆಯಿಂದ ಬರೋರಿಗೆ ಬಿಡ್ತಾನಾ, ಝೀಬ್ರಾ ಕ್ರಾಸಿಂಗಲ್ಲಿ ಅಜ್ಜಿ ನಿಂತಿದ್ರೆ ನಿಲ್ಲಿಸ್ತಾನಾ. ಅದೇ ಸರಿಯಾಗಿ ನೋಡ್ತಿಲ್ಲ, ಸ್ಪ್ಯಾನರ್ ಹಿಡ್ಸೋಕೆ ಹೋದ್ರೆ ಹೇಗೆ?

ಕಲಿಯೋದು ಬೇಡ ಅಂತಿಲ್ಲ. ಅದನ್ನ ಪಾಸು ಫೇಲಿಗೆ ಸೇರಿಸ್ಬೇಡಿ ಅಂತಿದೀನಿ.

---

ಸ್ಟೀರಿಂಗ್ ಮೇಷ್ಟ್ರು
ಮಂಗಳವಾರ, ಮಧ್ಯಾಹ್ನ 3.20

ಅಮ್ಮಾವ್ರ ಮಾತು ಪೂರ್ತಿ ಒಪ್ತೀನಿ, ಆದ್ರೆ ಇಲ್ಲಿ ಯಾರೂ ಹೇಳದ ಒಂದು ವಿಷ್ಯ ಇದೆ. ನಾನು ಮೈಸೂರಲ್ಲಿ ಕಾರ್ ಕಲಿಸ್ತೀನಿ, ಹದಿನಾಲ್ಕು ವರ್ಷ ಆಯ್ತು.

ಈ ವಿಷ್ಯ ಇರೋ ಕಾನೂನಲ್ಲೇ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989, ಅದ್ರ 31ನೇ ನಿಯಮ ಡ್ರೈವಿಂಗ್ ಸ್ಕೂಲ್ ಏನೇನು ಕಲಿಸ್ಬೇಕು ಅನ್ನೋ ಪಠ್ಯಕ್ರಮ. ಅದ್ರಲ್ಲಿ ವಾಹನ ನಿರ್ವಹಣೆ ಅಂತಾನೇ ಒಂದು ಭಾಗ ಇದೆ, ದಿನನಿತ್ಯ ನೋಡ್ಕೊಳ್ಳೋದು, ಬ್ಯಾಟರಿ, ಟೈರು ಎಲ್ಲಾ ಬರತ್ತೆ. ತರಬೇತಿ 21 ದಿನಕ್ಕೆ ಕಮ್ಮಿ ಇರಬಾರ್ದು, ಅದ್ರಲ್ಲಿ ಸ್ಟೀರಿಂಗ್ ಹಿಡಿದು ಓಡ್ಸೋದೇ ಕನಿಷ್ಠ 10 ಗಂಟೆ. ನಿಮ್ಗೆ ಹದಿನೈದು ದಿನದ ಕ್ಲಾಸ್ ಮಾಡಿ ಬಾನೆಟ್ ಮೆಕ್ಯಾನಿಕ್ ಕೆಲ್ಸ ಅಂದ್ರಲ್ಲ ಅವ್ರು, ಅವ್ರು ಆ 21 ದಿನಾನೂ ಪೂರ್ತಿ ಕಲಿಸ್ಲಿಲ್ಲ. ನಮ್ಮ ವೃತ್ತಿಯೋರ ಬಗ್ಗೆ ಹೀಗೆ ಬರೆಯೋಕೆ ನಂಗೆ ನೋವಾಗತ್ತೆ, ಆದ್ರೂ ಹೇಳ್ಬೇಕು.

ತಪ್ಪು ನಮ್ಮದೊಂದೇ ಅಲ್ಲ. ಬರೋರೆಲ್ಲ ಮೊದಲ್ನೇ ದಿನ ಕೇಳೋದೇ ಎಷ್ಟು ದಿನದಲ್ಲಿ ಡಿಎಲ್ ಬರತ್ತೆ ಸಾರ್ ಅಂತ. ಬಾನೆಟ್ ತೆಗೆದು ನಿಂತ್ರೆ, ಇವತ್ತಿನ ಕ್ಲಾಸ್ ವೇಸ್ಟ್ ಮಾಡಿದ್ರು ಅಂತ ಅವ್ರ ಅಪ್ಪಂಗೆ ಫೋನ್ ಮಾಡ್ತಾರೆ.

ನಾನು ಈಗ ಏನ್ ಮಾಡ್ತೀನಿ ಅಂದ್ರೆ ಎರಡನೇ ಭಾನುವಾರ ಬೆಳಗ್ಗೆ ಲಲಿತಮಹಲ್ ಕಡೆ ರೋಡಲ್ಲಿ ಗಾಡಿ ನಿಲ್ಸಿ ನಾಲ್ಕೈದು ಜನಾನ ಒಟ್ಟಿಗೆ ಕರೆಸಿ ತೋರಿಸ್ತೀನಿ. ಡಿಪ್‌ಸ್ಟಿಕ್ ಎಳೆದು ಒರೆಸಿ ಮತ್ತೆ ಹಾಕಿ ತೆಗೆದು ಎರಡು ಗೆರೆ ಮಧ್ಯ ಆಯಿಲ್ ಇದ್ಯಾ ನೋಡೋದು. ಕೂಲೆಂಟ್ ಡಬ್ಬ, ಬ್ರೇಕ್ ಆಯಿಲ್ ಡಬ್ಬ ಎಲ್ಲಿದೆ ಅನ್ನೋದು. ಟೈರ್ ಗಾಳಿ ಎಷ್ಟು ಅಂತ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರಲ್ಲೇ ಬರೆದಿರತ್ತೆ, ಅದನ್ನ ಅವ್ರ ಕೈಲೇ ಓದಿಸ್ತೀನಿ, ಗಾಳಿ ನೋಡೋದು ಟೈರ್ ತಣ್ಣಗಿದ್ದಾಗ ಅಂತ ಹೇಳ್ತೀನಿ. ಟೈರ್ ಮೇಲಿನ ಗೆರೆಗಳ ಸಂದೀಲಿ ಸಣ್ಣ ಉಬ್ಬು ಇರತ್ತಲ್ಲ, ಸವೆದು ಅದ್ರ ಮಟ್ಟಕ್ಕೆ ಬಂದ್ರೆ 1.6 ಮಿಲಿಮೀಟರ್ ಉಳಿದಿದೆ ಅಂತ ಅರ್ಥ, ಕಾರಿಗೆ ಕಾನೂನಿನ ಮಿತಿನೂ ಅದೇ, ಅಲ್ಲಿಗೆ ಟೈರ್ ಬದಲಾಯಿಸ್ಬೇಕು. ಆಮೇಲೆ ಸ್ಟೆಪ್ನಿ. ನಟ್‌ನ ಗಾಡಿ ನೆಲದ ಮೇಲಿರುವಾಗ್ಲೇ ಸಡ್ಲ ಮಾಡೋದು, ಆಮೇಲೆ ಜಾಕ್ ಏರ್ಸೋದು, ಈ ಕ್ರಮ ತಪ್ಪಿದ್ರೆ ಚಕ್ರ ಸುಮ್ನೆ ತಿರುಗತ್ತೆ, ಗಾಡಿ ಜಾಕಿಂದ ಜಾರತ್ತೆ. ಎಲ್ಲಾ ಸೇರಿ ನಲವತ್ತು ನಿಮಿಷ.

ಇದ್ರಿಂದ ಡ್ರೈವಿಂಗೂ ಸುಧಾರಿಸತ್ತೆ, ಇದು ನಾನು ಕಣ್ಣಾರೆ ಕಂಡಿದ್ದು. ಒಬ್ಳು ಸ್ಟೂಡೆಂಟು, ಡಿಗ್ರಿ ಓದೋ ಹುಡುಗಿ, ಮನೆ ಕಾರಲ್ಲಿ ಹ್ಯಾಂಡ್‌ಬ್ರೇಕ್ ಇಳಿಸಿದ್ಮೇಲೂ ಆ ಕೆಂಪು ಲೈಟ್ ಉರೀತಾನೇ ಇದೆ ಸಾರ್ ಅಂತ ಫೋನ್ ಮಾಡಿದ್ಲು. ಬ್ರೇಕ್ ಆಯಿಲ್ ಡಬ್ಬ ನೋಡಮ್ಮ ಅಂದೆ, ಮಿನಿಮಮ್ ಗೆರೆಗಿಂತ ಕೆಳಗೆ. ಪ್ಯಾಡ್ ಸವೆದಷ್ಟೂ ಆ ಡಬ್ಬದಲ್ಲಿ ಮಟ್ಟ ಇಳೀತಾ ಹೋಗತ್ತೆ. ಗ್ಯಾರೇಜಲ್ಲಿ ನೋಡಿದ್ರೆ ಪ್ಯಾಡು ಕಬ್ಬಿಣಕ್ಕೆ ಬಂದಿತ್ತು. ಮಾರನೇ ದಿನ ಅವ್ರಪ್ಪ ಅದೇ ಕಾರಲ್ಲಿ ಚಾಮುಂಡಿ ಬೆಟ್ಟಕ್ಕೆ ಹೋಗೋರಿದ್ರು. ಬೆಟ್ಟ ಇಳಿಯೋ ರೋಡು ಎಲ್ರಿಗೂ ಗೊತ್ತಲ್ಲ.

---

ಯಾದವಗಿರಿ ಹಿರಿಯರು
ಮಂಗಳವಾರ, ಸಂಜೆ 5.45

ನನಗೀಗ ಎಪ್ಪತ್ತೊಂದು. ನಮ್ಮ ಕಾಲದ ಮೈಸೂರಿನ ಹುಡುಗರಿಗೆ ಈ ಪ್ರಶ್ನೆಯೇ ಬರ್ತಿರಲಿಲ್ಲ ಅಂತ ಯೋಚ್ನೆ ಮಾಡ್ತಿದ್ದೆ. ಯಾದವಗಿರೀಲಿ 1961ರಿಂದ ಜಾವಾ ಬೈಕ್ ಫ್ಯಾಕ್ಟರಿ ಇತ್ತು, 1996ರಲ್ಲಿ ಬಾಗಿಲು ಹಾಕ್ತು. ಬೀದಿಗೊಂದು ಜಾವಾ, ಆಮೇಲೆ ಯೆಜ್ಡಿ. ಅದು ಟೂ ಸ್ಟ್ರೋಕು, ಪೆಟ್ರೋಲಿಗೆ ಆಯಿಲನ್ನ ಅಳತೆ ಮಾಡಿ ಬೆರೆಸಿಯೇ ಹಾಕ್ಬೇಕು, ಜಾಸ್ತಿ ಆದ್ರೆ ಪ್ಲಗ್ಗಿಗೆ ಮಸಿ ಹಿಡಿಯತ್ತೆ, ಕಮ್ಮಿ ಆದ್ರೆ ಪಿಸ್ಟನ್ ಹಿಡಿಯತ್ತೆ. ಜೇಬಲ್ಲಿ ಪ್ಲಗ್ ಸ್ಪ್ಯಾನರ್ ಇಲ್ಲದೆ ಯಾರೂ ಶ್ರೀರಂಗಪಟ್ಟಣ ದಾಟ್ತಿರ್ಲಿಲ್ಲ. ನಾವೇನು ಬುದ್ಧಿವಂತರು ಅಂತಲ್ಲ, ಗಾಡಿಯೇ ನಮಗೆ ಕಲಿಸ್ತು, ಕಲೀದಿದ್ರೆ ಅದು ಮನೆಗೆ ಬರ್ತಿರ್ಲಿಲ್ಲ.

ಈಗಿನ ಕಾರು ಹತ್ತು ಸಾವಿರ ಕಿಲೋಮೀಟರ್ ಏನೂ ಕೇಳದೆ ಓಡತ್ತೆ. ಒಳ್ಳೇದೇ. ಆದ್ರೆ ಗಾಡಿ ಕಲಿಸೋದನ್ನ ನಿಲ್ಲಿಸಿದ್ಮೇಲೆ ಆ ಜಾಗಕ್ಕೆ ಯಾರಾದ್ರೂ ಬರ್ಬೇಕಲ್ಲ, ಯಾರೂ ಬಂದಿಲ್ಲ.

ನಮ್ಮ ಮನೇಲಿ ಆಯುಧ ಪೂಜೆ ದಿನ ನಮ್ಮ ತಂದೆ ಗಾಡಿ ತೊಳೆದ್ಮೇಲೆ ಅರಿಶಿನ ಕುಂಕುಮ ಇಡೋ ಮುಂಚೆ ಒಂದೊಂದೇ ನೋಡ್ತಿದ್ರು, ಆಯಿಲು, ಬ್ಯಾಟರಿ ನೀರು, ಟೈರು, ಲೈಟು, ಸ್ಟೆಪ್ನಿಗೆ ಗಾಳಿ, ಟೂಲ್ ಬ್ಯಾಗ್ ಬಿಚ್ಚಿ ಪಾನಾಗಳಿಗೆಲ್ಲ ಎಣ್ಣೆ ಸವರಿ ಅವನ್ನೂ ಪೂಜೆಗೆ ಇಡ್ತಿದ್ರು. ಆಯುಧ ಅಂದ್ರೆ ಅದೇ ಅಲ್ವೇ. ಈಗ ಚಕ್ರದ ಕೆಳಗೆ ನಿಂಬೆಹಣ್ಣು ಇಡೋರು ಇದಾರೆ, ಅದೇ ಚಕ್ರ ಎಷ್ಟು ಸವೆದಿದೆ ಅಂತ ಬಗ್ಗಿ ನೋಡೋರು ಕಮ್ಮಿ. ಮಕ್ಕಳನ್ನ ಪಕ್ಕ ನಿಲ್ಸ್ಕೊಂಡು ಆ ಒಂದು ದಿನ ತೋರಿಸಿದ್ರೂ ಸಾಕು, ಹದಿನೆಂಟು ತುಂಬೋ ಹೊತ್ತಿಗೆ ಅರ್ಧ ಗೊತ್ತಿರತ್ತೆ.

---

ಅಕ್ಕ ಲಂಡನ್‌ನಲ್ಲಿ
ಮಂಗಳವಾರ, ರಾತ್ರಿ 8.10

ಬೋಗಾದಿ ಅಮ್ಮ ಅವ್ರ ಭಯಕ್ಕೆ ಒಂದು ದಾರಿ ಇದೆ ಅನ್ಸತ್ತೆ. ನಮ್ಮಕ್ಕ ಮದುವೆ ಆಗಿ ಲಂಡನ್‌ಗೆ ಹೋದ್ಮೇಲೆ ಅಲ್ಲಿ ಮತ್ತೆ ಟೆಸ್ಟ್ ಕೊಟ್ಲು. ಅಲ್ಲಿ 2003ರಿಂದ ಟೆಸ್ಟ್ ಜೊತೆ ಎರಡು ಪ್ರಶ್ನೆ ಇರತ್ತೆ, ಒಂದು ಹೇಳಿ, ಇನ್ನೊಂದು ತೋರಿಸಿ. ಹೇಳೋದು ಗಾಡಿ ಹೊರಡೋ ಮುಂಚೆ, ಟೈರ್ ಗಾಳಿ ಎಷ್ಟಿರ್ಬೇಕು ಅಂತ ಎಲ್ಲಿ ನೋಡ್ತೀರಿ, ಬ್ರೇಕ್ ಕೆಲ್ಸ ಮಾಡ್ತಿದ್ಯಾ ಅಂತ ಹೇಗೆ ತಿಳ್ಕೋತೀರಿ, ಆಯಿಲ್ ಸಾಕಷ್ಟಿದ್ಯಾ ಹೇಗೆ ನೋಡ್ತೀರಿ, ಈ ತರ. ತೋರ್ಸೋದು ಓಡಿಸ್ತಾ ಇರುವಾಗ, ಮುಂದಿನ ಗ್ಲಾಸ್ ತೊಳೆದು ತೋರಿಸಿ, ಹಿಂದಿನ ಗ್ಲಾಸಿನ ಮಂಜು ತೆಗೀರಿ ಅಂತ. ಟೈರ್ ಬಿಚ್ಚಿಸಲ್ಲ, ಕೈ ಕೊಳೆ ಮಾಡಿಸಲ್ಲ. ಎರಡೂ ತಪ್ಪು ಹೇಳಿದ್ರೂ ಒಂದು ಸಣ್ಣ ತಪ್ಪು ಅಂತ ಬರ್ಕೋತಾರೆ ಅಷ್ಟೆ, ಅದೊಂದಕ್ಕೇ ಫೇಲ್ ಮಾಡಲ್ಲ. ಆದ್ರೂ ಕೇಳ್ತಾರೆ ಅಂತ ಗೊತ್ತಿರೋದ್ರಿಂದ ಎಲ್ರೂ ಓದ್ಕೊಂಡು ಹೋಗ್ತಾರೆ. ಅಕ್ಕ ಇಲ್ಲಿ ಆರು ವರ್ಷ ಕಾರ್ ಓಡ್ಸಿದ್ಲು, ಬಾನೆಟ್ ಲಿವರ್ ಎಲ್ಲಿದೆ ಅಂತ ಕಲ್ತಿದ್ದು ಅಲ್ಲಿಗೆ ಹೋದ್ಮೇಲೆ.

---

ಹೂಟಗಳ್ಳಿ ಇವಿ
ಮಂಗಳವಾರ, ರಾತ್ರಿ 8.35

ನಂದು ಎಲೆಕ್ಟ್ರಿಕ್ ಕಾರು. ಆಯಿಲ್ ಇಲ್ಲ, ಸೈಲೆನ್ಸರ್ ಇಲ್ಲ. ನಮ್ಗೂ ಇದೆಲ್ಲ ಬೇಕಾ?

---

ಮಂಡ್ಯ ಗ್ಯಾರೇಜ್
ಮಂಗಳವಾರ, ರಾತ್ರಿ 9.20

ಬೇಕು ಸಾರ್. ಇವಿ ತೂಕ ಜಾಸ್ತಿ, ಎಳೆತ ಜಾಸ್ತಿ, ಟೈರ್ ಬೇಗ ಸವೀತದೆ. ಬ್ರೇಕ್ ಆಯಿಲ್ ನಿಮ್ಗೂ ಅದೆ, ಅದು ಗಾಳೀಲಿರೋ ನೀರು ಹೀರ್ಕತ್ತದೆ, ಬುಕ್‌ನಲ್ಲಿ ಬರ್ದಿರೋ ಟೈಮಿಗೆ ಬದಲಾಯಿಸ್ಲೇಬೇಕು. ದೊಡ್ಡ ಬ್ಯಾಟರಿ ಜೊತೆಗೆ 12 ವೋಲ್ಟಿನ ಚಿಕ್ಕ ಬ್ಯಾಟರಿನೂ ಅದೆ, ಅದು ಸತ್ರೆ ದೊಡ್ಡದು ಫುಲ್ ಇದ್ರೂ ಗಾಡಿ ಆನ್ ಆಗಕಿಲ್ಲ. ಆದ್ರೆ ಕಿತ್ತಳೆ ಬಣ್ಣದ ವೈರ್ ಇರ್ತದಲ್ಲ, ಅದು ಹೈ ವೋಲ್ಟೇಜು, ನೀವೂ ಮುಟ್ಬೇಡಿ, ಗೊತ್ತಿಲ್ದೋರ ಕೈಲಿ ಮುಟ್ಟುಸ್ಲೂ ಬೇಡಿ. ಕೆಲವು ಹೊಸ ಗಾಡೀಲಿ ಸ್ಟೆಪ್ನಿನೇ ಇರಕಿಲ್ಲ, ಪಂಚರ್ ಕಿಟ್ ಕೊಟ್ಟಿರ್ತರೆ. ಮನೇಲಿ ಒಂದ್ಸಲ ಡಿಕ್ಕಿ ಎತ್ತಿ ನಿಮ್ ಗಾಡೀಲಿ ಯಾವ್ದು ಅದೆ ನೋಡ್ಕಳಿ.

ಬೋಗಾದಿ ಅಮ್ಮ, ನೀವು ಹೇಳಿದ್ದು ಸರಿ ಅದೆ, ಟೆಸ್ಟಲ್ಲಿ ಟೈರ್ ಬಿಚ್ಸೋದು ಬೇಡ. ಲಂಡನ್ ತರ ಬಾಯಲ್ಲಿ ಕೇಳ್ಲಿ. ನಟ್ ಬಿಚ್ಚೋಕೆ ಶಕ್ತಿ ಬೇಡ, ಉದ್ದ ಬೇಕು. ಸ್ಪ್ಯಾನರ್ ಹಿಡಿಗೆ ಎರಡಡಿ ಪೈಪ್ ಸಿಕ್ಸಿ ತುದೀಲಿ ಒತ್ತಿ, ಸಲೀಸಾಗಿ ಬತ್ತದೆ.

---

ಬೋಗಾದಿ ಅಮ್ಮ
ಮಂಗಳವಾರ, ರಾತ್ರಿ 9.50

ಬಾಯಲ್ಲಿ ಕೇಳೋದಾದ್ರೆ, ಫೇಲ್ ಮಾಡಲ್ಲ ಅಂದ್ರೆ, ನಂದೇನೂ ಅಭ್ಯಂತರ ಇಲ್ಲ, ಸಂತೋಷನೇ. ಪೈಪ್ ವಿಷ್ಯ ಯಾರೂ ಹೇಳಿರ್ಲಿಲ್ಲ ನಂಗೆ. ಮೇಷ್ಟ್ರೇ, ನಿಮ್ಮ ಭಾನುವಾರದ ಕ್ಲಾಸಿಗೆ ಡಿಎಲ್ ಇರೋರೂ ಬರಬಹುದಾ? ನಮ್ಮ ಬೀದೀಲಿ ಇನ್ನೂ ಮೂರು ಜನ ಬರ್ತೀವಿ ಅಂತಿದಾರೆ.

---

ಸ್ಟೀರಿಂಗ್ ಮೇಷ್ಟ್ರು
ಮಂಗಳವಾರ, ರಾತ್ರಿ 10.05

ಖಂಡಿತ ಬನ್ನಿ ಅಮ್ಮ. ನಿಮ್ಮ ನಿಮ್ಮ ಕಾರಲ್ಲೇ ಬನ್ನಿ, ನಿಮ್ಮ ಗಾಡಿ ಜಾಕನ್ನ ನೀವೇ ಒಂದ್ಸಲ ಏರಿಸಿ ಇಳಿಸಿದ್ರೆ ಮರೆಯಲ್ಲ. ಹಳೇ ಬಟ್ಟೆ ಹಾಕ್ಕೊಂಡು ಬನ್ನಿ, ದುಡ್ಡು ಬೇಡ.

---

ಕುವೆಂಪುನಗರ ಹೊಸ ಡ್ರೈವರ್
ಭಾನುವಾರ, ಮಧ್ಯಾಹ್ನ 1.15

ಎಲ್ರಿಗೂ ತುಂಬಾ ಥ್ಯಾಂಕ್ಸ್. ಟೆಸ್ಟ್ ಗುರುವಾರ ಇದೆ. ಇವತ್ತು ಬೆಳಗ್ಗೆ ಅಣ್ಣ ನಾನು ಸೇರಿ ಮನೆ ಮುಂದೆ ಕಾರ್ ನಿಲ್ಸಿ ನೀವು ಹೇಳಿದ್ದೆಲ್ಲ ಒಂದೊಂದಾಗಿ ನೋಡಿದ್ವಿ, ಅಪ್ಪ ಕುರ್ಚಿ ಹಾಕ್ಕೊಂಡು ಕೂತಿದ್ರು. ಬಾಗಿಲ ಸ್ಟಿಕ್ಕರಲ್ಲಿ ಟೈರ್ ಗಾಳಿ 33 ಅಂತ ಇದೆ, ಅಪ್ಪ ಇಷ್ಟು ವರ್ಷ 28 ಹಾಕಿಸ್ತಿದ್ರು, ಅಂಗಡಿಯೋನು ಯಾವತ್ತೋ ಹೇಳಿದ್ನಂತೆ. ಸ್ಟೆಪ್ನಿಲಿ 11 ಇತ್ತು. ಆ ಟೈರಿನ ಮೈ ಮೇಲೆ 3814 ಅಂತ ನಾಲ್ಕು ಅಂಕಿ ಇದೆ, ಹುಡುಕಿ ನೋಡಿದ್ರೆ 2014ನೇ ಇಸವಿ 38ನೇ ವಾರದಲ್ಲಿ ತಯಾರಾಗಿದ್ದು ಅಂತ ಗೊತ್ತಾಯ್ತು. ಕಾರಲ್ಲಿ ಹುಟ್ಟಿದಾಗಿನಿಂದ ಮಲಗಿರೋ ಟೈರು, ಒಂದ್ ದಿನಾನೂ ರೋಡ್ ಕಂಡಿಲ್ಲ. ರಬ್ಬರಲ್ಲಿ ಸಣ್ಣ ಸಣ್ಣ ಬಿರುಕು ಇದೆ.

ಟೈರ್ ಬಿಚ್ಚಿ ಮತ್ತೆ ಹಾಕೋಕೆ ಇಬ್ರಿಗೂ ಸೇರಿ ಐವತ್ತು ನಿಮಿಷ ಆಯ್ತು. ಐದು ನಟ್‌ನಲ್ಲಿ ನಾಲ್ಕು ಬಂತು, ಒಂದು ಬರ್ಲೇ ಇಲ್ಲ, ಆಮೇಲೆ ಪಕ್ಕದ ಮನೆ ಅಂಕಲ್ ಬಂದು ತೆಗೆದ್ರು.

ಎರಡು ಡೌಟ್. ಈ ಹಳೇ ಸ್ಟೆಪ್ನಿಗೆ ಗಾಳಿ ಹಾಕ್ಸಿ ಇಟ್ಕೋಬಹುದಾ? ಆ ಒಂದು ನಟ್ ಯಾಕೆ ಹಾಗೆ ಹಿಡ್ಕೊಂಡಿತ್ತು?

---

ಮಂಡ್ಯ ಗ್ಯಾರೇಜ್
ಭಾನುವಾರ, ಮಧ್ಯಾಹ್ನ 2.40

ಒಳ್ಳೆ ಕೆಲ್ಸ ಮಾಡಿದ್ರಿ. ಆ ಟೈರ್ ಬುಟ್ಬುಡಿ, ಹತ್ತು ವರ್ಷದ ಮೇಲಾಯ್ತು, ಓಡದೆ ಇದ್ರೂ ರಬ್ಬರ್ ಒಣಗ್ತದೆ. ಹೊಸ ಟೈರ್ ಹಾಕ್ಸೋಗಂಟ ಊರೊಳ್ಗೆ ಪಂಚರ್ ಅಂಗಡಿ ಮುಟ್ಟೋಕೆ ಮಾತ್ರ ಇಟ್ಕಳಿ, ಎಕ್ಸ್‌ಪ್ರೆಸ್‌ವೇಗೆ ಅದನ್ನ ನಂಬ್ಕಂಡು ಹತ್ಬೇಡಿ. ಹೊಸದು ತಗೊಳ್ವಾಗ್ಲೂ ಆ ನಾಲ್ಕು ಅಂಕಿ ನೋಡಿ ತಗೊಳ್ಳಿ.

ನಟ್ಟು, ಅಂಗಡೀಲಿ ಏರ್‌ಗನ್ ಹಿಡ್ದು ಬುಡ್ತರೆ, ಅದಕ್ಕೆ. ಇನ್ಮೇಲೆ ಟೈರ್ ಕೆಲ್ಸ ಆದಾಗ ಕೊನೆ ಬಿಗಿ ಕೈಯಲ್ಲಿ ಮಾಡಪ್ಪ ಅಂತ ನಿಂತು ಹೇಳಿ, ಎದುರು ಬದುರು ನಟ್ ಬಿಗಿ ಮಾಡ್ಬೇಕು, ಸಾಲಾಗಿ ಅಲ್ಲ. ಇವತ್ತು ನೀವೇ ಹಾಕಿರೋದ್ರಿಂದ ಒಂದೈವತ್ತು ಕಿಲೋಮೀಟರ್ ಓಡುದ್ಮೇಲೆ ಇನ್ನೊಂದ್ಸಲ ಸ್ಪ್ಯಾನರ್ ಕೊಟ್ಟು ನೋಡಿ. ಪೈಪ್ ಇಟ್ಕಂಡ್ರಾ?

---

ಕುವೆಂಪುನಗರ ಹೊಸ ಡ್ರೈವರ್
ಭಾನುವಾರ, ಮಧ್ಯಾಹ್ನ 2.55

ಹೂಂ ಅಣ್ಣ, ಮಹಡಿ ಮೇಲೆ ಹಳೇ ಬೋರ್‌ವೆಲ್‌ದು ಜಿಐ ಪೈಪ್ ತುಂಡು ಬಿದ್ದಿತ್ತು, ಸ್ಪ್ಯಾನರಿಗೆ ಸರಿಯಾಗಿ ಕೂರತ್ತೆ. ಅಪ್ಪ ಅದಕ್ಕೆ ಹಳೇ ಸೈಕಲ್ ಟ್ಯೂಬ್ ಸುತ್ತಿ ಡಿಕ್ಕೀಲಿ ಇಟ್ಟಿದಾರೆ, ತ್ರಿಕೋನ ಪಕ್ಕದಲ್ಲೇ.